ಹಳೆಯ ಡಿಸ್ಕ್ ಬಿಚ್ಚುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ. ಎಸ್.ಪಿ. ರಸ್ತೆಯ ಅಂಗಡಿಯಿಂದ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕೊಂದನ್ನು ತಂದು, ಹಳೆಯ ಹಾರ್ಡ್ ಡಿಸ್ಕಿನ ಪಕ್ಕದಲ್ಲೇ ಅದನ್ನು ಜೋಡಿಸಿ, ವಿಂಡೋಸನ್ನು ಹೊಸದಾಗಿ ಹಾಕಿಕೊಂಡವರು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ಯಂತ್ರ ಚುರುಕಾಗುತ್ತದೆ. ಮುಂದೊಂದು ದಿನ ಹಳೆಯ ಡಿಸ್ಕ್ ಟಕಟಕ ಸದ್ದು ಮಾಡತೊಡಗಿದಾಗ ಅದನ್ನು ಬಿಚ್ಚಿ ತೆಗೆಯುತ್ತಾರೆ. ಆಗ ಬೂಟ್ ಮಾಡಲು ಯಾವ ಸಾಧನವೂ ಇಲ್ಲವೆಂಬ ಸಂದೇಶ ಪರದೆಯ ಮೇಲೆ ಬಂದು ನಿಲ್ಲುತ್ತದೆ. ವಿಂಡೋಸ್ ಕ್ಷೇಮವಾಗಿದೆ, ಫೋಟೋಗಳೂ ಲೆಕ್ಕಪತ್ರಗಳೂ ಇದ್ದಲ್ಲೇ ಇವೆ. ಕಳೆದುಹೋದದ್ದು ವಿಂಡೋಸನ್ನು ಎಬ್ಬಿಸುವ ಬೂಟ್ ಲೋಡರ್ ಎಂಬ ಪುಟ್ಟ ಪ್ರೋಗ್ರಾಂ ಮಾತ್ರ. ಇಷ್ಟಕ್ಕೇ ಎಲ್ಲವನ್ನೂ ಅಳಿಸಿ ಮತ್ತೆ ವಿಂಡೋಸ್ ಹಾಕಿಸಿಕೊಳ್ಳುವವರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಈಗಿನ ಕಂಪ್ಯೂಟರುಗಳಲ್ಲಿ ಯಂತ್ರ ಆನ್ ಆದೊಡನೆ ಮೊದಲು ಓಡುವ ಯುಇಎಫ್‌ಐ ಎಂಬ ಫರ್ಮ್‌ವೇರ್, ಡಿಸ್ಕಿನಲ್ಲಿರುವ ಇಎಫ್‌ಐ ಸಿಸ್ಟಂ ಪಾರ್ಟಿಶನ್ ಎಂಬ ಸಣ್ಣ ವಿಭಾಗವನ್ನು ಹುಡುಕಿ, ಅಲ್ಲಿನ ಬೂಟ್ ಲೋಡರನ್ನು ಓಡಿಸುತ್ತದೆ. ವಿಂಡೋಸ್ ಯಾವ ಡಿಸ್ಕಿನ ಯಾವ ವಿಭಾಗದಲ್ಲಿದೆ ಎಂಬುದು ಆ ಲೋಡರಿಗೆ ಮಾತ್ರ ಗೊತ್ತು. ಹಳೆಯ ಡಿಸ್ಕಿನಲ್ಲಿ ಇಂಥ ವಿಭಾಗ ಮೊದಲೇ ಇದ್ದರೆ, ವಿಂಡೋಸ್ ಹಾಕುವಾಗ ಸಾಮಾನ್ಯವಾಗಿ ಹೊಸದನ್ನು ಮಾಡದೆ ಬೂಟ್ ಫೈಲುಗಳನ್ನು ಅಲ್ಲಿಯೇ ಇಡಲಾಗುತ್ತದೆ. ಆದ್ದರಿಂದ ಹಳೆಯ ಡಿಸ್ಕ್ ಇನ್ನೂ ಜೋಡಣೆಯಲ್ಲಿರುವಾಗಲೇ ಬೂಟ್ ಲೋಡರನ್ನು ಎಸ್‌ಎಸ್‌ಡಿಗೆ ಸ್ಥಳಾಂತರಿಸಿಬಿಡಬೇಕು.

ಮೊದಲು ಮುಖ್ಯ ಫೈಲುಗಳ ಬ್ಯಾಕಪ್ ಮಾಡಿಕೊಳ್ಳಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಮಳೆಗಾಲದ ಸಂಜೆ ಕರೆಂಟ್ ಕೈಕೊಡುವ ಬಡಾವಣೆಗಳಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಬಳಿಕ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ, ಎಸ್‌ಎಸ್‌ಡಿಯಲ್ಲಿರುವ ಸಿ ಡ್ರೈವನ್ನು 300 ಎಂಬಿಯಷ್ಟು ಕುಗ್ಗಿಸಿ, ಖಾಲಿಯಾದ ಆ ಜಾಗದಲ್ಲಿ ಡಿಸ್ಕ್‌ಪಾರ್ಟ್ ಎಂಬ ವಿಂಡೋಸಿನದೇ ಆಜ್ಞಾ ಸಾಧನ ಬಳಸಿ ಇಎಫ್‌ಐ ವಿಭಾಗವೊಂದನ್ನು ರಚಿಸಿ, ಅದನ್ನು ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಎಸ್ ಎಂಬ ಅಕ್ಷರ ಕೊಡಿ. ಡಿಸ್ಕ್ ಆಯ್ಕೆ ಮಾಡುವಾಗ ಅದರ ಗಾತ್ರವನ್ನು ಮತ್ತೊಮ್ಮೆ ನೋಡಿ. ಡಿಸ್ಕ್‌ಪಾರ್ಟಿನ ಕ್ಲೀನ್ ಎಂಬ ಆಜ್ಞೆಯ ಗೊಡವೆಗಂತೂ ಹೋಗಲೇಬೇಡಿ. ಅದು ಒಂದು ಮಾತೂ ಕೇಳದೆ ಇಡೀ ಡಿಸ್ಕಿನ ವಿಭಾಗಗಳನ್ನು ಅಳಿಸಿಹಾಕುತ್ತದೆ.

ಇನ್ನು ಮುಖ್ಯವಾದ ಆಜ್ಞೆ. ಕೈಯಲ್ಲಿ ಪೆನ್ನಿದ್ದರೆ ಬರೆದುಕೊಳ್ಳಿ, ನಿಧಾನವಾಗಿ ಹೇಳುತ್ತೇನೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಬಿಸಿಡಿಬೂಟ್ ಎಂದು ಒಂದೇ ಪದವಾಗಿ ಬರೆದು, ಒಂದು ಜಾಗ ಬಿಟ್ಟು, ಸಿ ಕೋಲನ್ ಬ್ಯಾಕ್‌ಸ್ಲ್ಯಾಶ್ ವಿಂಡೋಸ್. ಮತ್ತೆ ಜಾಗ ಬಿಟ್ಟು ಸ್ಲ್ಯಾಶ್ ಎಸ್, ಜಾಗ, ಎಸ್ ಕೋಲನ್. ಕೊನೆಗೆ ಜಾಗ ಬಿಟ್ಟು ಸ್ಲ್ಯಾಶ್ ಎಫ್, ಜಾಗ, ಯುಇಎಫ್‌ಐ. ಬೂಟ್ ಫೈಲುಗಳು ಸರಿಯಾಗಿ ರಚನೆಯಾದವು ಎಂಬ ಉತ್ತರ ಬಂದರೆ ಲೋಡರ್ ಎಸ್‌ಎಸ್‌ಡಿಗೆ ಬಂದಂತೆಯೇ.

ಆದರೂ ಹಳೆಯ ಡಿಸ್ಕನ್ನು ಕೂಡಲೇ ಫಾರ್ಮ್ಯಾಟ್ ಮಾಡಬೇಡಿ. ಯಂತ್ರವನ್ನು ಪೂರ್ತಿ ಆಫ್ ಮಾಡಿ, ಆ ಡಿಸ್ಕಿನ ಕೇಬಲನ್ನು ಮಾತ್ರ ಕಳಚಿ, ಎಸ್‌ಎಸ್‌ಡಿಯೊಂದರಿಂದಲೇ ವಿಂಡೋಸ್ ಏಳುವುದೇ ಎಂದು ಪರೀಕ್ಷಿಸಿ. ತಾನಾಗಿ ಏಳದಿದ್ದರೆ ಬೂಟ್ ಮೆನು ತೆರೆದು ಎಸ್‌ಎಸ್‌ಡಿಯನ್ನು ಆರಿಸಿ. ಆಗಲೂ ಆಗದಿದ್ದರೆ ಕೇಬಲನ್ನು ಮೊದಲಿನಂತೆ ಸಿಕ್ಕಿಸಿದರಾಯಿತು, ನೀವು ಕಳೆದುಕೊಂಡದ್ದೇನೂ ಇರುವುದಿಲ್ಲ. ಈ ಪರೀಕ್ಷೆಯನ್ನು ಬಿಟ್ಟವರೇ ಹೆಚ್ಚಾಗಿ ತೊಂದರೆಗೆ ಸಿಲುಕುವುದು.

ಯುಇಎಫ್‌ಐ ಬದಲು ಬಯಾಸ್ ಎಂಬ ಹಿಂದಿನ ಫರ್ಮ್‌ವೇರ್ ಇರುವ ಹಳೆಯ ಯಂತ್ರಗಳ ಕ್ರಮ ಬೇರೆ. ಅಲ್ಲಿ ಡಿಸ್ಕಿನ ಮೊದಲ 512 ಬೈಟುಗಳ ಸೆಕ್ಟರಿನಲ್ಲಿ ಬೂಟ್ ಕೋಡಿಗೆ ದೊರೆಯುವುದು 446 ಬೈಟು ಮಾತ್ರ. ಆ ಪುಟ್ಟ ಕೋಡ್ ಮುಂದಿನ ಹಾದಿ ಹುಡುಕಲು, ವಿಂಡೋಸಿನ ಬೂಟ್ ಫೈಲುಗಳಿರುವ ವಿಭಾಗವನ್ನು ಆ್ಯಕ್ಟಿವ್ ಎಂದು ಗುರುತಿಸಬೇಕಾಗುತ್ತದೆ.

ಯುಇಎಫ್‌ಐ ಯಂತ್ರದಲ್ಲಿ ಲಿನಕ್ಸ್ ಬಳಸುವವರು ಹೊಸ ಇಎಫ್‌ಐ ವಿಭಾಗವನ್ನು ಮೌಂಟ್ ಮಾಡಿ, ಅಂದರೆ ಬಳಕೆಗೆ ಜೋಡಿಸಿಕೊಂಡು, ಲಿನಕ್ಸಿನ ಬೂಟ್ ಲೋಡರನ್ನು ಹಾಕುವ ಗ್ರಬ್ ಇನ್‌ಸ್ಟಾಲ್ ಆಜ್ಞೆಯನ್ನು ಓಡಿಸಿದರೆ ಸಾಕೆಂದು ತಿಳಿಯುವುದುಂಟು. ಅಷ್ಟೇ ಸಾಲದು. ಯಾವ ಯಾವ ವಿಭಾಗ ಜೋಡಿಸಬೇಕೆಂಬ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹಳೆಯ ವಿಭಾಗದ ಯುಯುಐಡಿ ಎಂಬ ಗುರುತಿನ ಸಂಖ್ಯೆ ಹಾಗೆಯೇ ಉಳಿದಿದ್ದರೆ, ಡಿಸ್ಕ್ ತೆಗೆದ ಮೇಲೆ ಲಿನಕ್ಸ್ ಆ ವಿಭಾಗಕ್ಕಾಗಿ ಕಾದು ಕಾದು, ಕೊನೆಗೆ ಎಮರ್ಜೆನ್ಸಿ ಮೋಡಿನಲ್ಲಿ ನಿಂತುಬಿಡಬಹುದು; ಆ ಸಾಲನ್ನೂ ಅದೇ ಹೊತ್ತಿಗೆ ತಿದ್ದಿಡಿ. ನಮಸ್ಕಾರ.