ಚರ್ಚಿನ ಚಳಿಯಲ್ಲಿ ಹಾರ್ಪ್ಸಿಕಾರ್ಡ್ ಶ್ರುತಿ

ಕೇಳುಗರಿಗೆ ನಮಸ್ಕಾರ.

ಈಸ್ಟರ್ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ನೆದರ್ಲೆಂಡ್ಸ್‌ನ ಎಷ್ಟೋ ಊರುಗಳಲ್ಲಿ ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಎಂಬ, ಯೇಸುವಿನ ಯಾತನೆ-ಮರಣದ ಕಥೆಯ ಗಾಯನಕೃತಿ ನಡೆಯುತ್ತದೆ. ನಾರ್ಡನ್ ಎಂಬ ಕೋಟೆಯೂರಿನ ದೊಡ್ಡ ಚರ್ಚಿನಲ್ಲಿ ನೆದರ್ಲೆಂಡ್ಸ್ ಬಾಖ್ ಸೊಸೈಟಿ ಇದನ್ನು ಮೊದಲು ಪ್ರಸ್ತುತಪಡಿಸಿದ್ದು 1922ರ ಗುಡ್ ಫ್ರೈಡೇ ದಿನ. ಹಳೆಯ ಸಂಗೀತವನ್ನು ಹಳೆಯ ಮಾದರಿಯ ವಾದ್ಯಗಳಲ್ಲೇ ನುಡಿಸಿ ಬದುಕುವವರಿಗೆ ಇದು ಸುಗ್ಗಿ. ಇವರಲ್ಲಿ ತಿಂಗಳ ಸಂಬಳದವರು ಕಡಿಮೆ, ಕರೆ ಬಂದ ಕಾರ್ಯಕ್ರಮಕ್ಕೆ ಸಂಭಾವನೆ ಪಡೆಯುವವರೇ ಹೆಚ್ಚು. ಅವರಲ್ಲೂ ಹಾರ್ಪ್ಸಿಕಾರ್ಡ್ ವಾದಕರದು ಎರಡು ಕೆಲಸದ ಬಾಳು. ವಾದ್ಯ ನುಡಿಸುವುದಷ್ಟೇ ಅಲ್ಲ, ಅದರ ಶ್ರುತಿ ಕಾಯುವುದೂ ಬಹುಪಾಲು ಅವರದೇ.

ಹಾರ್ಪ್ಸಿಕಾರ್ಡ್‌ನಲ್ಲಿ ಪಿಯಾನೋದಂತೆಯೇ ಒತ್ತುವ ಮನೆಗಳಿವೆ. ಮನೆ ಒತ್ತಿದರೆ ಒಂದು ಸಣ್ಣ ಕೊಕ್ಕೆ ತಂತಿಯನ್ನು ಮೀಟುತ್ತದೆ. ಐದು ಸ್ಥಾಯಿಯ ದೊಡ್ಡ ವಾದ್ಯಕ್ಕೆ 61 ಮನೆ, ಮನೆಗೆ ಮೂರು ತಂತಿ, ಒಟ್ಟು 183. ಮಂದ್ರಕ್ಕೆ ಹಿತ್ತಾಳೆ, ತಾರಕ್ಕೆ ಕಬ್ಬಿಣ. ಬರೋಕ್, ಅಂದರೆ ಬಾಖ್‌ನ ಕಾಲದ ಸಂಗೀತಕ್ಕೆ ಇಂದು ರೂಢಿಯಲ್ಲಿರುವ ಶ್ರುತಿಯಲ್ಲಿ ಪಾಶ್ಚಾತ್ಯರ ‘ಎ’ ಸ್ವರಕ್ಕೆ ಸೆಕೆಂಡಿಗೆ 415 ಕಂಪನ. ಎಂದರೆ, ಆಧುನಿಕ ಆರ್ಕೆಸ್ಟ್ರಾದ 440ಕ್ಕಿಂತ ಹೆಚ್ಚುಕಡಿಮೆ ಒಂದು ಸ್ವರಸ್ಥಾನ ಕೆಳಗೆ. ಫ್ರೆಂಚ್ ಕೃತಿಗಳಿಗೆ ಇನ್ನೂ ಒಂದು ಸ್ಥಾನ ಇಳಿಸಿ 392 ಕೇಳುವವರುಂಟು.

ನಿಜವಾದ ತಲೆನೋವು ಸ್ವರಗಳನ್ನು ಪರಸ್ಪರ ಹೊಂದಿಸುವುದರಲ್ಲಿದೆ. ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ಸೆಂಟ್ ಎನ್ನುತ್ತಾರೆ. ಚೆನ್ನಾಗಿ ಕೂಡಿಸಿದ ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ ದೂರ. ಪಿಯಾನೋ, ಹಾರ್ಮೋನಿಯಂಗಳಲ್ಲಿ ಅದು 400. ಆಲ್ ಇಂಡಿಯಾ ರೇಡಿಯೊ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಈ ಒರಟು ಸ್ವರವೂ ಒಂದು. ಬರೋಕ್ ವಾದಕರ ದೂರೂ ಅದೇ.

ಹಾಗಾಗಿ ಅವರು ಬೇರೆ ಹಂಚಿಕೆ ಹಿಡಿಯುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ವಲ್ಲೋಟ್ಟಿ ಕ್ರಮ. ‘ಎ’ ಸ್ವರವನ್ನು ಶ್ರುತಿಕವೆಗೆ ಸೇರಿಸಿ, ಅಲ್ಲಿಂದ ಡಿ, ಜಿ, ಸಿ, ಎಫ್ ಒಂದು ಕಡೆಗೆ, ಇ, ಬಿ ಇನ್ನೊಂದು ಕಡೆಗೆ. ಈ ಆರು ಷಡ್ಜ-ಪಂಚಮ ಜೋಡಿಗಳನ್ನು ಸುಮಾರು 4 ಸೆಂಟ್ ಕುಗ್ಗಿಸಬೇಕು. ಕಿವಿಗೆ ಇದು ಮೆಲ್ಲನೆಯ ಅಲೆಯಾಗಿ ಕೇಳುತ್ತದೆ. ಮಧ್ಯದ ‘ಎ’ಗೂ ಅದರ ಕೆಳಗಿನ ‘ಡಿ’ಗೂ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಅಲೆ. ಉಳಿದ ಪಂಚಮಗಳಲ್ಲಿ ಅಲೆ ಪೂರ್ತಿ ನಿಲ್ಲಬೇಕು. ಸುತ್ತು ಮುಗಿದಾಗ ಕೊನೆಗೆ ಉಳಿಯುವ ಜೋಡಿಯನ್ನು ಯಾರೂ ಮುಟ್ಟಿರುವುದಿಲ್ಲ. ಅದು ತಾನೇ ಶುದ್ಧವಾಗಿ ಕೂತರೆ ಲೆಕ್ಕ ಸರಿ, ಅಲ್ಲಿ ಅಲೆ ಎದ್ದರೆ ಹಿಂದೆಲ್ಲೋ ತಪ್ಪಿದೆ. ಇದೇ ಸುತ್ತನ್ನು ನೋಡಿಕೊಂಡು ಮಿಕ್ಕ ಸ್ಥಾಯಿಗಳನ್ನೂ ಎರಡನೆಯ, ಮೂರನೆಯ ಸಾಲಿನ ತಂತಿಗಳನ್ನೂ ಹೊಂದಿಸುತ್ತಾರೆ. ಪಳಗಿದ ಕೈಗೆ ಮುಕ್ಕಾಲು ಗಂಟೆ ಸಾಕು.

ಹೊಸಬರು ಮಾಡುವ ದೊಡ್ಡ ತಪ್ಪೆಂದರೆ, ಶ್ರುತಿ ತಿರುಗಿಸುವ ಕೀಲಿಯನ್ನು ಪಕ್ಕದ ಬಿರಡೆಗೆ ತೊಡಿಸುವುದು. ಕೇಳುತ್ತಿರುವ ತಂತಿ ಏರುವುದೇ ಇಲ್ಲ. ಇನ್ನಷ್ಟು ತಿರುಗಿಸುತ್ತಾರೆ, ಪಕ್ಕದ್ದು ಪಟ್ಟನೆ ಹರಿಯುತ್ತದೆ. ಮೊದಲು ಕೂದಲೆಳೆಯಷ್ಟು ಇಳಿಸಿ, ಸ್ವರ ಬಗ್ಗಿತೆಂದು ಖಾತ್ರಿಮಾಡಿಕೊಂಡು ಆಮೇಲೆ ಏರಿಸುವವರಿಗೆ ಈ ಕಾಟವಿಲ್ಲ. ಜೊತೆಯಲ್ಲಿ ಬಿಡಿ ತಂತಿ, ಚಿಕ್ಕ ಇಕ್ಕಳ, ಹರಿತ ಚಾಕು, ಬದಲಿ ಕೊಕ್ಕೆಗಳಿರಬೇಕು. ಕೊಕ್ಕೆ ಹಿಂದಿರುಗದೆ ತಂತಿಯ ಮೇಲೆ ಕೂತರೆ ಅದರ ತುದಿಯನ್ನು ಚೂರೇ ಚೂರು ಸವರುವುದುಂಟು. ಹೆಚ್ಚು ಕೊಯ್ದರೆ ಸ್ವರ ಸೋಲುತ್ತದೆ, ಹೊಸ ಕೊಕ್ಕೆಯೇ ಗತಿ.

ಇಷ್ಟೆಲ್ಲ ಆದಮೇಲೂ ಚರ್ಚಿನ ಹವೆಯ ಮುಂದೆ ಆಟ ನಡೆಯುವುದಿಲ್ಲ. ಮಧ್ಯಾಹ್ನ ಕಲ್ಲಿನ ಕಟ್ಟಡ 15 ಡಿಗ್ರಿಯಲ್ಲಿರುತ್ತದೆ. ಸಂಜೆ ಹೀಟರ್ ಹೊತ್ತಿಸಿ, ದೀಪ ಹಾಕಿ, ಜನ ತುಂಬಿದರೆ 20. ಪ್ಯಾಶನ್‌ನಲ್ಲಿ ಪುಟ್ಟ ಆರ್ಗನ್ ಕೂಡ ಇರುತ್ತದೆ. ಅದರ ಕೊಳವೆಯೊಳಗಿನ ಗಾಳಿ ಬೆಚ್ಚಗಾದಂತೆ ಶ್ರುತಿ ಏರುತ್ತದೆ, ಡಿಗ್ರಿಗೆ ಸುಮಾರು 3 ಸೆಂಟ್. ಐದು ಡಿಗ್ರಿಗೆ 15 ಸೆಂಟ್ ಆಯಿತು. 415 ಎಂದು ಕೂಡಿಸಿದ್ದು 418 ದಾಟಿರುತ್ತದೆ. ಹಾರ್ಪ್ಸಿಕಾರ್ಡ್ ತಂತಿಗಳು ಶಾಖಕ್ಕೆ ಸಡಿಲಗೊಂಡು ಇಳಿಯುತ್ತವೆ, ಹಿತ್ತಾಳೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವುದರಿಂದ ಮಂದ್ರಕ್ಕೂ ತಾರಕ್ಕೂ ಹೊಂದಿಕೆ ತಪ್ಪುತ್ತದೆ. ಆರ್ಗನ್ ಮೇಲಕ್ಕೆ, ಹಾರ್ಪ್ಸಿಕಾರ್ಡ್ ಕೆಳಕ್ಕೆ! ಆರ್ಗನ್ ಕೊಳವೆಗಳನ್ನು ಆ ಹೊತ್ತಿನಲ್ಲಿ ತಿದ್ದಲಾಗದು, ಆದ್ದರಿಂದ ಬಗ್ಗಬೇಕಾದದ್ದು ತಂತಿಗಳೇ. ಪಿಟೀಲಿನವರ ಕರುಳಿನ ತಂತಿಗಳಿಗೂ ಆರ್ಗನ್ನೇ ಆಧಾರ. ಹೊಸ ಕರುಳು ತಂತಿ ಹದಕ್ಕೆ ಬರಲು ಒಂದೆರಡು ದಿನ ಹಿಡಿಯುತ್ತದೆ, ಕಛೇರಿಯ ದಿನವೇ ಕಟ್ಟಿದರೆ ರಾತ್ರಿಯೆಲ್ಲ ಜಾರುತ್ತದೆ.

ಇದಕ್ಕೆ ಒಳ್ಳೆಯ ಮದ್ದು ಹೀಟರನ್ನು ಬೆಳಿಗ್ಗೆಯೇ ಹಚ್ಚಿ ಒಂದೇ ಮಟ್ಟದಲ್ಲಿ ಬಿಡುವುದು. ಆಯೋಜಕರು ಗ್ಯಾಸಿನ ಖರ್ಚು ನೋಡಿ ಕಛೇರಿಗೆ ಒಂದು ಗಂಟೆ ಮುಂಚೆ ಹಚ್ಚುತ್ತಾರೆ. ಅದಕ್ಕಿಂತ ಕೆಟ್ಟ ಉಳಿತಾಯ ಇನ್ನೊಂದಿಲ್ಲ. ಎರಡನೆಯದು ನಿಶ್ಶಬ್ದ. ಕುರ್ಚಿ ಎಳೆಯುವ ಸದ್ದಿನಲ್ಲಿ, ಗಾಯಕರು ಗಂಟಲು ಹದಮಾಡಿಕೊಳ್ಳುವಾಗ ಸೆಕೆಂಡಿಗೆ ಎರಡು ಅಲೆಯನ್ನು ಎಣಿಸುವುದು ಹೇಗೆ? ಬಾಗಿಲು ತೆರೆಯುವ ಮುನ್ನ 45 ನಿಮಿಷ ಸಭಾಂಗಣ ಖಾಲಿ ಇರಬೇಕೆಂದು ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಲೇಸು. ಶ್ರುತಿ ಮಾಡುವುದಕ್ಕೆ ಸಂಭಾವನೆಯನ್ನು ಬೇರೆಯಾಗಿ ಕೇಳಬೇಕು. ಸಂಕೋಚಪಟ್ಟು ಬಿಟ್ಟವರಿಗೆ ಮುಂದೆಂದೂ ಅದು ಸಿಗುವುದಿಲ್ಲ.

ಮೊದಲ ಭಾಗ ಮುಗಿಯಲು ಒಂದು ಗಂಟೆಗೂ ಮೇಲಾಗುತ್ತದೆ. ವಿರಾಮದಲ್ಲಿ ಉಳಿದವರೆಲ್ಲ ಕಾಫಿಗೆ ಎದ್ದರೆ ಹಾರ್ಪ್ಸಿಕಾರ್ಡ್ ವಾದಕರು ಕೀಲಿ ಹಿಡಿದು ಮತ್ತೆ ವಾದ್ಯಕ್ಕೆ ಬಾಗುತ್ತಾರೆ. 183 ತಂತಿಗೂ ಆಗ ಸಮಯವಿಲ್ಲ. ಮೊದಲು ‘ಎ’ಯನ್ನು ಆರ್ಗನ್ನಿಗೆ ಹೋಲಿಸಿ, ನಡುವಿನ ಎರಡು ಸ್ಥಾಯಿಗಳನ್ನು ಒಂದೇ ಸಾಲಿನ ತಂತಿಗಳಲ್ಲಿ ಸರಿಪಡಿಸಿ, ಮಂದ್ರದ ಹಿತ್ತಾಳೆಯನ್ನು ಅದಕ್ಕೆ ಹೊಂದಿಸುತ್ತಾರೆ. ಎರಡನೆಯ ಸಾಲಿಗೆ ಪುರುಸೊತ್ತು ಸಿಗದಿದ್ದರೆ ಅದನ್ನು ಸರಿಸಿ ಮುಚ್ಚಿಟ್ಟು, ಉಳಿದ ಭಾಗವನ್ನು ಒಂದೇ ಸಾಲಿನಲ್ಲಿ ನುಡಿಸುತ್ತಾರೆ. ನಾದ ಸ್ವಲ್ಪ ತೆಳುವಾಗುತ್ತದೆ, ಆದರೆ ಅಪಸ್ವರ ಇರುವುದಿಲ್ಲ.