ತೆರೆದ ಗಾಡಿಗೆ ಬೀದರದ ಚಳಿ

ಕೇಳುಗರಿಗೆ ನಮಸ್ಕಾರ.

ಗಟ್ಟಿಯಾದ ಮೇಲ್ಛಾವಣಿಯಿಲ್ಲದ, ಇಬ್ಬರಿಗಷ್ಟೇ ಜಾಗವಿರುವ ಕಾರನ್ನು ರೋಡ್‌ಸ್ಟರ್ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಎಂಬ ಕಾರನ್ನು ಚಿತ್ರದಲ್ಲಾದರೂ ನೋಡಿದವರಿಗೆ ಅದರ ರೂಪ ಕಣ್ಣಿಗೆ ಕಟ್ಟೀತು. ಉದ್ದನೆಯ ಬಾನೆಟ್ಟು, ಅದರ ಎರಡೂ ಬದಿಗೆ ಬಿಡಿಯಾಗಿ ನಿಂತ ದೀಪಗಳು, ತಂತಿ ಕಡ್ಡಿಗಳ ಗಾಲಿ, ಬೇಕೆಂದಾಗ ಮುಂದಕ್ಕೆ ಮಲಗಿಸಬಹುದಾದ ಚಪ್ಪಟೆ ಗಾಜು. ಬಾಗಿಲಿಗೆ ಏರಿಸಿ ಇಳಿಸುವ ಗಾಜಿಲ್ಲ. ಮಳೆ ಬಂದರೆ ಬಟ್ಟೆಯ ಅಂಚಿನ ಪಾರದರ್ಶಕ ಪರದೆಗಳನ್ನು ಸಿಕ್ಕಿಸಿಕೊಳ್ಳಬೇಕು. ಒಳಗೆ ಹೀಟರ್ ಇಲ್ಲ. 1,250 ಸಿ.ಸಿ. ಎಂಜಿನ್ನು, ದಪ್ಪ ಕೋಟು ಮತ್ತು ಓಡಿಸುವವನ ಉಮೇದು, ಇಷ್ಟರ ಮೇಲೆಯೇ ಆ ಗಾಡಿ ಚಳಿಗಾಲವನ್ನು ದಾಟುತ್ತಿತ್ತು.

ಬೀದರದ ನನ್ನ ಗೆಳೆಯರೊಬ್ಬರ ಬಳಿ ಇಂಥದೇ ರೂಪದ ಒಂದು ಪ್ರತಿಕೃತಿ ಇದೆ. ಮೇಲಿನ ಮೈ ಫೈಬರ್, ಒಳಗಿನದು ಬಹಳ ಈಚಿನ ಕಾಲದ, ನೀರಿನಿಂದ ತಣಿಯುವ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಬೇರೆ ಊರಿನಿಂದ ಅದನ್ನು ತಂದ ಮೊದಲ ವರ್ಷ ದೀಪಾವಳಿಯವರೆಗೆ ಅವರ ಸಂತೋಷಕ್ಕೆ ಎಣೆಯಿರಲಿಲ್ಲ. ಡಿಸೆಂಬರ್ ಬಂದ ಮೇಲೆ ಗಾಡಿ ಮೂಲೆ ಸೇರಿತು. ಪಾಲಿಟೆಕ್ನಿಕ್ಕಿನಲ್ಲಿ ಬಹುಕಾಲ ಯಂತ್ರವಿದ್ಯೆಯ ಪಾಠ ಹೇಳಿದವನೆಂಬ ಕಾರಣಕ್ಕೆ ಅವರು ನನ್ನನ್ನು ಕರೆದರು, ಮತ್ತು ಎರಡು ಚಳಿಗಾಲಗಳ ಭಾನುವಾರಗಳನ್ನು ನಾವಿಬ್ಬರೂ ಆ ಗಾಡಿಯ ಅಡಿಯಲ್ಲಿ ಕಳೆದೆವು. ಅಲ್ಲಿ ಕಲಿತದ್ದನ್ನು ಇಂದು ಹೇಳುತ್ತೇನೆ.

ಬೀದರದಲ್ಲಿ ಚಳಿಯೇ ಎಂದು ದಕ್ಷಿಣದ ಕಡೆಯ ಕೇಳುಗರು ಹುಬ್ಬೇರಿಸಬಹುದು. ನಮ್ಮ ಊರು ಸುಮಾರು 2,200 ಅಡಿ ಎತ್ತರದ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಡಿಸೆಂಬರ್ ಮತ್ತು ಜನವರಿಯ ಬೆಳಗಿನ ಜಾವ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಬರುವುದು ಇಲ್ಲಿ ಹೊಸತಲ್ಲ, ಕೆಲವು ವರ್ಷ ಒಂದಂಕಿಗೂ ಇಳಿದಿದೆ. 10 ಡಿಗ್ರಿಯಲ್ಲಿ ನಿಂತವನಿಗೆ ಒಂದು ಸ್ವೆಟರ್ ಸಾಕು. ಅದೇ ಹವೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ಮೈಗೆ ಬಡಿದರೆ, ಹವಾಮಾನ ಶಾಸ್ತ್ರದ ಸೂತ್ರದ ಪ್ರಕಾರ, ತೆರೆದ ಚರ್ಮಕ್ಕೆ ಅದು 5 ಡಿಗ್ರಿಯಂತೆ ತಟ್ಟುತ್ತದೆ.

ಕೆಲಸಕ್ಕೆ ಕೈ ಹಾಕುವ ಮೊದಲು ಗೆಳೆಯರಿಗೆ ಒಂದು ಅಳುಕಿತ್ತು. ಹಳೆಯ ಚೆಲುವಿನ ಗಾಡಿಗೆ ಹೊಸ ಸೌಕರ್ಯ ಸೇರಿಸುವುದು ಅಪಚಾರವಲ್ಲವೇ ಎಂದು ಅವರು ಕೇಳಿದರು. ನಿಜವಾದ ಹಳೆಯ ಗಾಡಿಯಾಗಿದ್ದರೆ ನಾನೂ ಹೌದೆನ್ನುತ್ತಿದ್ದೆ. ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ನಿಯಮದಂತೆ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದೆ ಮೂಲರೂಪದಲ್ಲಿ ಉಳಿದ ವಾಹನಕ್ಕೆ ಮಾತ್ರ ವಿಂಟೇಜ್ ಎಂಬ ಮನ್ನಣೆ. ಪ್ರತಿಕೃತಿಗೆ ಆ ಮನ್ನಣೆ ಇಲ್ಲ, ಆದ್ದರಿಂದ ಆ ಕಟ್ಟೂ ಇಲ್ಲ. ನಮ್ಮೂರಿನ ಹಳೆಯ ಸ್ಮಾರಕವಾದ ಮಹಮೂದ್ ಗವಾನನ ಮದರಸಾದ ಗೋಡೆಗೆ ಮೊಳೆ ಹೊಡೆಯಬಾರದು. ಆ ಕಮಾನನ್ನು ನೋಡಿ ಮೊನ್ನೆ ಕಟ್ಟಿಸಿದ ಮನೆಗೆ ಫ್ಯಾನು ಹಾಕಿಸಿದರೆ ತಪ್ಪೇನು? ಆದರೆ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ಮರೆಯುವಂತಿಲ್ಲ. ಎಂಜಿನ್, ಇಂಧನ, ಬಾಡಿಯ ವಿಧ, ಆಸನಗಳ ಸಂಖ್ಯೆ, ಹೀಗೆ ಆರ್.ಸಿ.ಯಲ್ಲಿ ಬರೆದದ್ದು ಒಂದು, ಗಾಡಿಯಲ್ಲಿ ಇರುವುದು ಇನ್ನೊಂದು ಆಗಬಾರದು. ನಾವು ಮಾಡಿದ ಕೆಲಸಗಳು ಇವುಗಳಲ್ಲಿ ಯಾವುದನ್ನೂ ಮುಟ್ಟಲಿಲ್ಲ.

ಮೊದಲ ಚಳಿಗಾಲದಲ್ಲಿ ನಾವು ಮಾಡಿದ ತಪ್ಪೆಂದರೆ ನೇರವಾಗಿ ಹೀಟರಿಗೆ ಹೋದದ್ದು. ಕದವಿಲ್ಲದ ಮನೆಯಲ್ಲಿ ಶಿಗಡಿ ಹೊತ್ತಿಸಿದ ಹಾಗಾಯಿತು. ಹೀಟರು ಉರಿಬಿಸಿಯ ಗಾಳಿ ಊದುತ್ತಿತ್ತು, ಗೆಳೆಯರು ಕಿವಿಗೆ ಮಫ್ಲರ್ ಸುತ್ತಿಕೊಂಡು ನಡುಗುತ್ತಿದ್ದರು. ಆಗ ತಿಳಿದದ್ದು, ಮೊದಲು ಗಾಳಿಯನ್ನು ತಡೆಯಬೇಕು, ಆಮೇಲೆ ಬಿಸಿಯನ್ನು ಹಿಡಿದಿಡಬೇಕು, ಕೊನೆಗೆ ಬಿಸಿಯನ್ನು ಹುಟ್ಟಿಸಬೇಕು.

ಗಾಳಿ ಎಲ್ಲಿಂದ ಬರುತ್ತದೆ ಎಂಬುದರಲ್ಲೇ ಒಂದು ಸ್ವಾರಸ್ಯವಿದೆ. ಮುಂದಿನ ಗಾಜು ಎದುರುಗಾಳಿಯನ್ನು ತಡೆಯುತ್ತದೆ, ನಿಜ. ಆದರೆ ಗಾಜಿನ ಮೇಲಂಚನ್ನು ದಾಟಿದ ಗಾಳಿ ಆಸನಗಳ ಹಿಂದೆ ಒತ್ತಡ ಕಡಿಮೆಯಿರುವ ಜಾಗಕ್ಕೆ ಸುರುಳಿಯಾಗಿ ಇಳಿದು, ತಿರುಗಿ ಮುಂದಕ್ಕೆ ಬಂದು, ಕುಳಿತವರ ಕುತ್ತಿಗೆಗೆ ಹಿಂದಿನಿಂದ ಹೊಡೆಯುತ್ತದೆ. ಇದನ್ನು ಮಾತಿನಲ್ಲಿ ಹೇಳಿದರೆ ಗೆಳೆಯರು ನಂಬಲಿಲ್ಲ. ಮನೆಯಲ್ಲಿದ್ದ ಕೆಂಪು ಉಣ್ಣೆ ದಾರವನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸಿ, ಗಾಜಿನ ಚೌಕಟ್ಟಿಗೆ, ಬಾಗಿಲಿನ ಮೇಲಂಚಿಗೆ, ಆಸನಗಳ ಬೆನ್ನಿಗೆ ಟೇಪಿನಿಂದ ಅಂಟಿಸಿ ನೌಬಾದಿನ ಆಚೆಯ ಖಾಲಿ ರಸ್ತೆಯಲ್ಲಿ ಗಾಡಿಯನ್ನು ಓಡಿಸಿದೆವು. ಗಾಜಿನ ಮೇಲಿನ ದಾರಗಳು ಹಿಂದಕ್ಕೆ ಹಾರಿದವು. ಆಸನದ ಬೆನ್ನಿನ ದಾರಗಳು ನಮ್ಮ ಕಡೆಗೆ, ಅಂದರೆ ಗಾಡಿ ಓಡುವ ದಿಕ್ಕಿಗೇ, ನೆಟ್ಟಗೆ ಚಾಚಿ ನಿಂತವು. ಗೆಳೆಯರು ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಆ ದಾರಗಳನ್ನೇ ನೋಡಿದರು.

ಮರುವಾರ ಆಸನಗಳ ಹಿಂದೆ ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ 4 ಮಿಲಿಮೀಟರ್ ದಪ್ಪದ ಹಾಳೆಯನ್ನು, ಭುಜದ ಮಟ್ಟದಿಂದ ತಲೆಯ ಮಟ್ಟದವರೆಗೆ ಬರುವಂತೆ, ಎರಡು ಕಂಬಿಗಳಿಗೆ ಬಿಗಿದೆವು. ಅಕ್ರಿಲಿಕ್ ಹಾಳೆ ಅಗ್ಗವಾಗಿ ಸಿಗುತ್ತದೆ, ಹೊಳಪೂ ಹೆಚ್ಚು, ಆದರೆ ಏಟು ಬಿದ್ದರೆ ಚೂಪು ಚೂರುಗಳಾಗಿ ಒಡೆಯುತ್ತದೆ. ತಲೆಯ ಹಿಂದೆ ಅಂಥದನ್ನು ಇಡಬಾರದು. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದು ಈ ಹಾಳೆ, ಅತಿ ಹೆಚ್ಚು ಫಲ ಕೊಟ್ಟದ್ದೂ ಇದೇ.

ಇನ್ನು ಕೆಳಗಿನ ಸಂದುಗಳು. ಪೆಡಲುಗಳ ತೂತು, ಸ್ಟೀರಿಂಗ್ ರಾಡು ಹಾಯುವ ಕಂಡಿ, ಗೇರಿನ ಬುಡ, ವೈರುಗಳು ಎಂಜಿನ್ ಕಡೆಯಿಂದ ಒಳಬರುವ ರಂಧ್ರಗಳು, ಇವೆಲ್ಲ ಕಾಲಿಗೆ ಚಳಿಗಾಳಿಯನ್ನು ತರುವ ಕಿಂಡಿಗಳು. ರಾತ್ರಿ ಗಾಡಿಯೊಳಗೆ ಬಲ್ಬು ಉರಿಸಿಟ್ಟು, ಹುಡ್, ಅಂದರೆ ಮಡಚುವ ಬಟ್ಟೆಯ ಚಾವಣಿ, ಹಾಕಿ, ಹೊರಗಿನಿಂದ ಬಗ್ಗಿ ನೋಡಿದರೆ ಬೆಳಕು ಸೋರುವ ಜಾಗವೆಲ್ಲ ಕಾಣುತ್ತದೆ. ನಾವು ಎಣಿಸಿದ್ದು ಹದಿನೇಳು. ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆಗಳು (ಗ್ರಾಮೆಟ್), ಗೇರಿನ ಬುಡಕ್ಕೆ ಹೊಸ ಮುಸುಕು (ಬೂಟು), ಪೆಡಲುಗಳ ಹಿಂದೆ ದಪ್ಪ ರಬ್ಬರಿನ ಸೀಳುಪರದೆ, ಇಷ್ಟರಿಂದ ಬಹುಪಾಲು ಮುಚ್ಚಿದವು. ಈ ಸಂದುಗಳಿಂದ ಬರುವುದು ಚಳಿ ಮಾತ್ರವಲ್ಲ. ಸೈಲೆನ್ಸರ್ ಪೈಪು ಸೋರುತ್ತಿದ್ದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಇದೇ ದಾರಿಯಿಂದ ಒಳಸೇರುತ್ತದೆ. ಹುಡ್ ಹಾಕಿ ಓಡಿಸುವವರು ಚಳಿಗಾಲಕ್ಕೆ ಮುಂಚೆ ಪೈಪಿನ ಕೀಲುಗಳನ್ನು ಪರೀಕ್ಷಿಸಲೇಬೇಕು.

ನೆಲಕ್ಕೂ ಎಂಜಿನ್ ಕಡೆಯ ಗೋಡೆಗೂ ಬ್ಯೂಟೈಲ್ ರಬ್ಬರಿನ ಹಾಳೆ, ಅದರ ಮೇಲೆ ನೀರು ಹೀರದ ಫೋಮು, ಅದರ ಮೇಲೆ ಮ್ಯಾಟು. ಸಾಮಾನ್ಯ ಸ್ಪಂಜನ್ನು ಹಾಕಿದರೆ ಮಳೆಗಾಲದಲ್ಲಿ ನೀರು ಕುಡಿದು ನೆಲದ ತಗಡನ್ನು ತಿಂದುಬಿಡುತ್ತದೆ. ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ದಾಟಿದಾಗ ಎಂಜಿನ್ನಿನ ಕಾವು ಕಾಲನ್ನು ಸುಡದಂತೆ ತಡೆದದ್ದೂ ಇದೇ ಹಾಸು.

ಹುಡ್ಡನ್ನು ಜೀಪು, ಆಟೋಗಳ ಹುಡ್ ಹೊಲಿಯುವ ನಮ್ಮೂರಿನ ಕೈಗಳೇ ಹೊಲಿದವು. ರೆಕ್ಸಿನ್ ಚಳಿಗೆ ಸೆಡೆತು ಮಡಿಕೆಯಲ್ಲಿ ಸೀಳುತ್ತದೆ, ಆದ್ದರಿಂದ ದಪ್ಪ ಕ್ಯಾನ್ವಾಸನ್ನೇ ಆರಿಸಿದೆವು. ಹೊಲಿಗೆಯಲ್ಲಿ ಕೊರತೆಯಿರಲಿಲ್ಲ. ಅಳತೆ ಕೊಟ್ಟ ನಾವೇ ಹಿಂದಿನ ಕಿಟಕಿಯನ್ನು ಎರಡು ಬೆರಳು ಕೆಳಗೆ ಇಡಿಸಿದೆವು, ಈಗಲೂ ಹಿಂದಿನ ಲಾರಿಯ ಬಂಪರಷ್ಟೇ ಕಾಣುತ್ತದೆ.

ಇನ್ನು, ನಾವು ಎಲ್ಲಕ್ಕಿಂತ ಮೊದಲೇ ಕೂರಿಸಿಬಿಟ್ಟಿದ್ದ ಹೀಟರಿನ ಮಾತು. ವಿದ್ಯುತ್ತಿನಿಂದ ಗಾಡಿಯನ್ನು ಬೆಚ್ಚಗಿಡಬಹುದೆಂಬ ಆಸೆ ಅನೇಕರಿಗಿದೆ. ಲೆಕ್ಕ ಹಾಕಿದರೆ ಅದು ಬಿಟ್ಟುಹೋಗುತ್ತದೆ. 55 ವ್ಯಾಟಿನ ಎರಡು ಹೆಡ್‌ಲೈಟಿಗೆ 12 ವೋಲ್ಟಿನಲ್ಲಿ 9 ಆಂಪಿಯರ್, ಬಿಸಿ ಮಾಡುವ ಎರಡು ಸೀಟು ಪ್ಯಾಡುಗಳಿಗೆ ಸುಮಾರು 8, ಇಗ್ನಿಷನ್ನಿಗೆ ಮತ್ತು ವೈಪರಿಗೆ ಇನ್ನೊಂದಿಷ್ಟು. ಹಳೆಯ ಡೈನಮೊ ಕೊಡುತ್ತಿದ್ದದ್ದೇ 20 ಆಂಪಿಯರಿನ ಆಸುಪಾಸು. ಅದಕ್ಕಿಂತ ಹೆಚ್ಚು ವಿದ್ಯುತ್ತು ಕೊಡುವ ಈಚಿನ ಆಲ್ಟರ್ನೇಟರ್ ಇರುವ ಗಾಡಿಗೆ ಸೀಟು ಪ್ಯಾಡು ಹೊರೆಯಲ್ಲ, ಬೆನ್ನಿಗೂ ಹಿತ, ಆದರೆ ರಿಲೇ ಮತ್ತು ಫ್ಯೂಸ್ ಇಲ್ಲದೆ ಅದನ್ನು ಜೋಡಿಸಕೂಡದು. ಗಾಡಿಯನ್ನು ಬೆಚ್ಚಗಿಡಲು ಎಂಜಿನ್ನಿನ ನೀರೇ ಇದೆಯಲ್ಲ! ಉರಿದ ಪೆಟ್ರೋಲಿನ ಕಾವಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ತಣಿಸುವ ನೀರಿಗೆ ಹೋಗುತ್ತದೆ. ಗಂಟೆಗೆ 5 ಲೀಟರ್ ಕುಡಿಯುವ ಎಂಜಿನ್ ರೇಡಿಯೇಟರಿನ ಮೂಲಕ ಹೊರಚೆಲ್ಲುವುದು ಹತ್ತು ಕಿಲೋವ್ಯಾಟಿಗೂ ಮೇಲೆ. ಅದರಲ್ಲಿ ಒಂದು ಚಿಟಿಕೆ ನಮಗೆ ಸಾಕು.

ಗುಜರಿಗೆ ಹೋದ ಚಿಕ್ಕ ಕಾರೊಂದರ ಹೀಟರ್ ಕಾಯಿಲನ್ನು ತಂದು ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸಿದೆವು. ಸಿಲಿಂಡರ್ ಹೆಡ್ಡಿನಿಂದ ಬಿಸಿನೀರು ಒಂದು ಹೋಸಿನಲ್ಲಿ ಬಂದು, ಕಾಯಿಲಿನಲ್ಲಿ ಸುತ್ತಿ, ಇನ್ನೊಂದು ಹೋಸಿನಿಂದ ವಾಟರ್ ಪಂಪಿನ ಹೀರುವ ಬದಿಗೆ ಮರಳುತ್ತದೆ. ನಡುವೆ ಒಂದು ವಾಲ್ವು, ಬೇಸಿಗೆಯಲ್ಲಿ ಮುಚ್ಚಲು. ಎಲ್ಲ ಸರಿಯಾಗಿ ಜೋಡಿಸಿದರೂ ಆ ಮೊದಲ ವರ್ಷ ಆರಂಭದಲ್ಲಿ ಗಾಳಿ ಉಗುರುಬೆಚ್ಚಗೆ ಮಾತ್ರ ಬರುತ್ತಿತ್ತು. ನೀರು ಕಾಯುವವರೆಗೆ ಅದು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವೇ ಥರ್ಮೋಸ್ಟ್ಯಾಟ್. ಕಾರಣ ಹುಡುಕಿ ಅದರ ಗೂಡನ್ನು ಬಿಚ್ಚಿದರೆ ಒಳಗೆ ಥರ್ಮೋಸ್ಟ್ಯಾಟೇ ಇಲ್ಲ! ಹಿಂದೊಮ್ಮೆ ಎಂಜಿನ್ ಬಿಸಿಯಾಗುತ್ತದೆಂದು ದೂರಿದ್ದಕ್ಕೆ ಒಬ್ಬ ಮೇಸ್ತ್ರಿ ಅದನ್ನು ತೆಗೆದೆಸೆದಿದ್ದರು. ಕೇಳಿದಾಗ, "ನಮ್ಮ ಬಿಸಿಲಿಗೆ ಅದರದೇನು ಕೆಲಸ ಐತ್ರಿ ಸರ್" ಎಂದರು. ನಮ್ಮ ಭಾಗದ ಗ್ಯಾರೇಜುಗಳಲ್ಲಿ ಈ ಪದ್ಧತಿ ಎಷ್ಟು ರೂಢಿಯೆಂದರೆ ಅವರನ್ನೊಬ್ಬರನ್ನೇ ದೂರುವುದು ನ್ಯಾಯವಲ್ಲ. ಆದರೆ ಥರ್ಮೋಸ್ಟ್ಯಾಟ್ ಇಲ್ಲದ ಎಂಜಿನ್ನಿನಲ್ಲಿ ನೀರು ಮೊದಲ ಗಳಿಗೆಯಿಂದಲೇ ರೇಡಿಯೇಟರಿಗೆ ಹರಿದು, ಚಳಿಗಾಲದ ಬೆಳಿಗ್ಗೆ ಸರಿಯಾದ ಕಾವಿಗೆ ಏರುವುದೇ ಇಲ್ಲ. ಪೆಟ್ರೋಲ್ ಹೆಚ್ಚು ಉರಿಯುತ್ತದೆ, ಒಳಗಿನ ಭಾಗಗಳು ಬೇಗ ಸವೆಯುತ್ತವೆ. 82 ಡಿಗ್ರಿಗೆ ತೆರೆಯುವ ಹೊಸದನ್ನು ಹಾಕಿದ ಮೇಲೆ ಹೀಟರು ಹೀಟರಾಯಿತು.

ನೀರಿನ ಬಗ್ಗೆಯೂ ಒಂದು ಮಾತು. ನಮ್ಮ ಚಳಿಗೆ ನೀರು ಹೆಪ್ಪುಗಟ್ಟುವುದಿಲ್ಲ, ಆದ್ದರಿಂದ ಕೂಲೆಂಟ್ ಯಾಕೆ ಎನ್ನುತ್ತಾರೆ. ನಮ್ಮ ಬೋರ್‌ವೆಲ್ ನೀರಿನ ಗಡಸುತನ ಗೊತ್ತಿರುವವರು, ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯನ್ನು ನೆನೆಯಲಿ. ಹೀಟರ್ ಕಾಯಿಲಿನ ಸಣ್ಣ ಕೊಳವೆಗಳಲ್ಲಿ ಅದೇ ಪೊರೆ ಕಟ್ಟಿದರೆ ಅದನ್ನು ಬಿಡಿಸಲಾಗದು. ತುಕ್ಕು ತಡೆಯುವ ಕೂಲೆಂಟನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿಯೇ ಹಾಕಬೇಕು.

ಗಾಳಿಯ ಸಂದುಗಳನ್ನೆಲ್ಲ ಮುಚ್ಚಿದ್ದಕ್ಕೆ ಒಂದು ದಂಡವನ್ನೂ ತೆತ್ತೆವು. ಹುಡ್ ಹಾಕಿದರೆ ಇಬ್ಬರ ಉಸಿರಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಮುಂದಿನ ಗಾಜಿಗೆ ಮಂಜಾಗಿ ಕೂರುತ್ತಿತ್ತು. ಹೀಟರಿನ ಪೆಟ್ಟಿಗೆಯಿಂದ ಎರಡು ಮಡಿಕೆ ಕೊಳವೆಗಳನ್ನು ಗಾಜಿನ ಬುಡಕ್ಕೆ ಒಯ್ದು, ಅಗಲವಾದ ಸೀಳುಬಾಯಿಯಿಂದ ಬಿಸಿಗಾಳಿ ಊದುವಂತೆ ಮಾಡಿದ ಮೇಲೆ ಗಾಜು ತಿಳಿಯಾಯಿತು. ಇದನ್ನು ಸುಖದ ಸಾಮಾನೆಂದು ಎಣಿಸಬಾರದು. ಪ್ರಸ್ಥಭೂಮಿಯಿಂದ ಮಾಂಜ್ರಾ ನದಿಯ ಬಯಲಿಗೆ ಇಳಿದರೆ ಬೆಳಗಿನ ಜಾವ ಮಂಜು ಕವಿದಿರುತ್ತದೆ, ಅದು ಕಬ್ಬು ಅರೆಯುವ ಕಾಲವೂ ಹೌದು. ಹಿಂದೆ ದೀಪವೇ ಇಲ್ಲದ ಟ್ರಾಲಿಗಳಲ್ಲಿ ಕಬ್ಬು ಹೇರಿಕೊಂಡು ಟ್ರ್ಯಾಕ್ಟರುಗಳು ಹೋಗುತ್ತಿರುತ್ತವೆ. ರೋಡ್‌ಸ್ಟರಿನಲ್ಲಿ ಕುಳಿತವನ ಕಣ್ಣು ಟ್ರಾಲಿಯ ತಳದ ಮಟ್ಟಕ್ಕಿರುತ್ತದೆ. ಗಾಜು ತಿಳಿಯಾಗಿರಬೇಕು, ನಮ್ಮ ಗಾಡಿಯ ಹಿಂದೆ ರಿಫ್ಲೆಕ್ಟರ್ ಇರಬೇಕು, ವೇಗ ಕಡಿಮೆಯಿರಬೇಕು.

ಆಸನಗಳ ಸ್ಪಂಜು ಕುಸಿದಿತ್ತು. ಗಟ್ಟಿ ಫೋಮು ಹಾಕಿಸಿ, ಸೊಂಟಕ್ಕೆ ಒತ್ತಾಸೆಯಾಗುವಂತೆ ಒಂದು ಉಬ್ಬು ಕೊಡಿಸಿದೆವು. ಸೀಟ್ ಬೆಲ್ಟಿನ ಬೋಲ್ಟನ್ನು ಫೈಬರ್ ಮೈಗೆ ಹಾಕಿದ್ದನ್ನು ಕಂಡು ನನಗೆ ಗಾಬರಿಯಾಯಿತು. ಅಪಘಾತದ ಎಳೆತಕ್ಕೆ ಫೈಬರ್ ಕಿತ್ತುಬರುತ್ತದೆ, ಬೆಲ್ಟಿನ ಬೇರು ಚಾಸಿಯ, ಅಂದರೆ ಗಾಡಿಯ ತಳದ ಚೌಕಟ್ಟಿನ, ಉಕ್ಕಿನಲ್ಲೇ ಇರಬೇಕು. ಅದನ್ನು ಅಂದೇ ಬದಲಿಸಿದೆವು.

ಎರಡನೆಯ ಚಳಿಗಾಲದ ಎಳ್ಳಮಾವಾಸ್ಯೆಯ ದಿನ ಗೆಳೆಯರು ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಲು, ಹೊಲಕ್ಕೆ ಇದೇ ಗಾಡಿಯಲ್ಲಿ ಹೊರಟರು, ನನ್ನನ್ನೂ ಕೂರಿಸಿಕೊಂಡರು. ಮನೆಯವರೆಲ್ಲ ಟ್ರ್ಯಾಕ್ಟರಿನಲ್ಲಿ ಮುಂದೆ ಹೋಗಿದ್ದರು. ಉಳಿದಿದ್ದ, ಕಾಳು ಸೊಪ್ಪು ಬೇಯಿಸಿ ಮಾಡಿದ ಭಜ್ಜಿಯ ಗಡಿಗೆಯನ್ನು ಇಡಲು ಬೇರೆ ಜಾಗವಿಲ್ಲದೆ ನನ್ನ ಕಾಲಬುಡದಲ್ಲಿ, ಹೀಟರಿನ ಬಾಯಿಗೆ ಎದುರಾಗಿ ಇಟ್ಟುಕೊಂಡಿದ್ದೆ. ಹುಡ್ ಮಡಚಿತ್ತು, ಬಿಳಿಜೋಳದ ಹೊಲಗಳ ಮೇಲೆ ಇನ್ನೂ ಮಂಜಿತ್ತು, ಗೆಳೆಯರ ಮಫ್ಲರು ಹೆಗಲ ಮೇಲೇ ಇತ್ತು. ಹೊಲ ಮುಟ್ಟಿ ಗಡಿಗೆಯನ್ನು ಅವರ ತಾಯಿಯ ಕೈಗೆ ಕೊಟ್ಟೆ. ಅವರು ಅದರ ಕಂಠವನ್ನು ಮುಟ್ಟಿ ನೋಡಿ, "ಇನ್ನಾ ಬಿಸಿ ಐತಲ್ಲೋ" ಎಂದರು.

ನಮಸ್ಕಾರ.