ಬೆನ್ನು ಬಾಗಿದರೆ ತಪ್ಪು ಯಾರದು?

ಕೇಳುಗರಿಗೆ ನಮಸ್ಕಾರ.

"ನೆಟ್ಟಗೆ ಕೂತ್ಕೋ, ಇಲ್ಲಾಂದ್ರೆ ಬೆನ್ನು ಸೊಟ್ಟ ಆಗುತ್ತೆ." ಈ ಮಾತು ಕೇಳದೆ ಬೆಳೆದವರು ಕಡಿಮೆ, ಅಲ್ವಾ? ಹೇಳುವವರ ಕಾಳಜಿ ನಿಜವೇ. ಆದರೆ ಬೆನ್ನು ಬಾಗಿದ ಮಗುವನ್ನು ಕಂಡಾಗ ಇದೇ ಮಾತು ದೂರಾಗಿ ಬದಲಾಗುತ್ತದೆ. ಸರಿಯಾಗಿ ಕೂರಲಿಲ್ಲ, ಹೇಳಿದ್ದು ಕೇಳಲಿಲ್ಲ, ಅದಕ್ಕೇ ಹೀಗಾಯಿತು ಅನ್ನುತ್ತೇವೆ. ಆ ದೂರು ಸರಿಯಲ್ಲ ಎಂದು ಹೇಳುವುದಕ್ಕೇ ಇವತ್ತು ನಿಮ್ಮ ಮುಂದೆ ಕೂತಿದ್ದೇನೆ.

ಆರೋಗ್ಯವಾಗಿರುವ ಬೆನ್ನುಮೂಳೆಯೂ ಕೋಲಿನ ಹಾಗೆ ಇರುವುದಿಲ್ಲ. ಪಕ್ಕದಿಂದ ನೋಡಿದರೆ ಕತ್ತಿನಲ್ಲಿ ಒಳಕ್ಕೆ, ಎದೆಯ ಹಿಂದೆ ಹೊರಕ್ಕೆ, ಸೊಂಟದಲ್ಲಿ ಮತ್ತೆ ಒಳಕ್ಕೆ ಬಳುಕಿರುತ್ತದೆ. ಹಿಂದಿನಿಂದ ನೋಡಿದಾಗ ಮಾತ್ರ ನೇರ. ಸೊಂಟದ ಬಳಕು ಅತಿಯಾದರೆ ಅದು ಲಾರ್ಡೋಸಿಸ್. ಮೇಲಿನ ಬೆನ್ನು ಅತಿಯಾಗಿ ಉಬ್ಬಿದರೆ ಕೈಫೋಸಿಸ್, ಅಂದರೆ ಗೂನು. ವಯಸ್ಸಾದವರಲ್ಲಿ ಮೂಳೆ ಸವೆದು ಕುಸಿದರೂ ಗೂನು ಬರುತ್ತದೆ, ಬೆನ್ನುಮೂಳೆಗೆ ಕ್ಷಯ ತಗುಲಿದರೂ ಬರುತ್ತದೆ. ಬೆನ್ನು ಪಕ್ಕಕ್ಕೆ ಬಾಗುವುದು ಸ್ಕೋಲಿಯೋಸಿಸ್. ಮಕ್ಕಳು ಜಾಸ್ತಿ ಬೈಸಿಕೊಳ್ಳುವುದು ಇದಕ್ಕೇ.

ಇದರಲ್ಲಿ ಮೂಳೆ ಬರೀ ಬಾಗುವುದಿಲ್ಲ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಅದರ ಜೊತೆ ಪಕ್ಕೆಲುಬುಗಳೂ ತಿರುಗುತ್ತವೆ. ಎಕ್ಸ್-ರೇಯಲ್ಲಿ ಬಾಗು 10 ಡಿಗ್ರಿ ಮುಟ್ಟಿದರೆ ವೈದ್ಯರು ಈ ಹೆಸರು ಕೊಡುತ್ತಾರೆ. ಹದಿಹರೆಯದ 100 ಮಕ್ಕಳಲ್ಲಿ ಎರಡು ಮೂರು ಮಂದಿಗೆ ಇದು ಇರುತ್ತದೆ. ಬಾಗು ಹೆಚ್ಚುತ್ತಾ ಹೋಗುವುದು ಹೆಣ್ಣುಮಕ್ಕಳಲ್ಲೇ ಜಾಸ್ತಿ. ಬಹುಪಾಲು ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೊಟ್ಟು ಮಾಡಲು ಆಗುವುದಿಲ್ಲ. ಒಂದೇ ಮನೆತನದ ಹಲವರಲ್ಲಿ ಕಾಣುವುದುಂಟು. ಕೂರುವ ರೀತಿಯಿಂದಾಗಲೀ ಹೊರುವ ಚೀಲದಿಂದಾಗಲೀ ಇದು ಬರುವುದಿಲ್ಲ.

ನಂಬಿಕೆ ಬರದಿದ್ದರೆ ಮೀನುಗಳನ್ನು ನೋಡಿ. ಅವುಗಳಿಗೆ ಕುರ್ಚಿಯೂ ಇಲ್ಲ, ಚೀಲವೂ ಇಲ್ಲ. ಆದರೂ ಗಪ್ಪಿ ಮೀನಿನ ಒಂದು ತಳಿಯಲ್ಲಿ ಮರಿ ಬೆಳೆಯುತ್ತಾ ಹೋದ ಹಾಗೆ ಬೆನ್ನು ಬಾಗುತ್ತದೆ. ಟ್ರೌಟ್ ಮೀನಿಗೆ ಆಹಾರದಲ್ಲಿ ಸಿ ವಿಟಮಿನ್ ಸಿಗದಿದ್ದರೂ ಬಾಗುತ್ತದೆ. ಇನ್ನು ಜೀಬ್ರಾ ಮೀನು. ಮೆದುಳು, ಬೆನ್ನುಹುರಿಗಳ ಒಳಗೆ ಒಂದು ದ್ರವ ಹರಿಯುತ್ತಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಅದನ್ನು ಮುಂದೆ ತಳ್ಳುತ್ತವೆ. ಆ ರೋಮಗಳು ಕೆಟ್ಟರೆ ಈ ಮೀನಿನ ಬೆನ್ನು ಸೊಟ್ಟಗಾಗುತ್ತದೆ ಎಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದರು.

ನಾಯಿಗಳ ವಿಷಯ ಬೇರೆ. ಫ್ರೆಂಚ್ ಬುಲ್‌ಡಾಗ್‌ನ ಮೋಟು, ಸುರುಳಿ ಬಾಲವನ್ನು ಮುದ್ದು ಎಂದು ಮೆಚ್ಚಿ, ಅಂಥ ನಾಯಿಗಳನ್ನೇ ಆರಿಸಿ ತಳಿ ಬೆಳೆಸಿದವರು ಮನುಷ್ಯರು. ಬಾಲ ಹಾಗಾಗುವುದು ಅಲ್ಲಿನ ಮೂಳೆಗಳ ಆಕಾರ ಕೆಟ್ಟಿರುವುದರಿಂದ. ಬೆನ್ನಿನಲ್ಲೂ ಬೆಣೆಯಂಥ ಮೂಳೆಗಳು ಈ ತಳಿಯಲ್ಲಿ ಸಾಮಾನ್ಯ. ಕೆಲವು ನಾಯಿಗಳಲ್ಲಿ ಬೆನ್ನುಹುರಿ ಒತ್ತಿಹೋಗಿ ಹಿಂಗಾಲು ಸೋಲುತ್ತವೆ. ತಪ್ಪು ಹುಡುಕಲೇಬೇಕೆಂದರೆ ಇಲ್ಲಿ ಹುಡುಕಬಹುದು.

ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್‌ನನ್ನು ನೂರಾರು ವರ್ಷ ಗೂನ ಎಂದು ಹೀಯಾಳಿಸಿದರು. ಮೈ ಸೊಟ್ಟ, ಹಾಗಾಗಿ ಮನಸ್ಸೂ ಸೊಟ್ಟ ಎಂದು ಚಿತ್ರಿಸಿದರು. 2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ಲಿಸುವ ಜಾಗದ ಅಡಿಯಲ್ಲಿ ಅವನ ಅಸ್ಥಿಪಂಜರ ಸಿಕ್ಕಿತು. ಗೂನು ಇರಲಿಲ್ಲ. ಇದ್ದದ್ದು ಸ್ಕೋಲಿಯೋಸಿಸ್, ಅದೂ ಬೆಳೆಯುವ ವಯಸ್ಸಿನಲ್ಲಿ ಬಂದದ್ದು. ಒಂದು ಹೆಗಲು ಸ್ವಲ್ಪ ಎತ್ತರ ಕಂಡಿರಬಹುದು, ಅಷ್ಟೇ. ಆ ಬೆನ್ನಿನಲ್ಲೇ ಅವನು ಯುದ್ಧ ಮಾಡಿದ, 1485ರಲ್ಲಿ ರಣರಂಗದಲ್ಲೇ ಸತ್ತ.

ಮನೆಯಲ್ಲೇ ಒಮ್ಮೆ ಪರೀಕ್ಷಿಸಿ ನೋಡಬಹುದು. ಮಗು ಪಾದ ಜೋಡಿಸಿ, ಕೈ ಇಳಿಬಿಟ್ಟು, ಮುಂದಕ್ಕೆ ಬಗ್ಗಲಿ. ನೀವು ಹಿಂದೆ ನಿಂತು ಬೆನ್ನಿನ ಎರಡೂ ಪಕ್ಕ ನೋಡಿ. ಒಂದು ಪಕ್ಕ ಎದ್ದು ಕಂಡರೆ ಮೂಳೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರಸರನೆ ಎತ್ತರ ಬೆಳೆಯುವ ವಯಸ್ಸಿನಲ್ಲಿ ಇದನ್ನು ಮುಂದೂಡಬೇಡಿ, ಬಾಗು ಬೇಗ ಹೆಚ್ಚುವುದು ಆಗಲೇ.

ಸಣ್ಣ ಬಾಗಿಗೆ ಆಗಾಗ ನೋಡಿಸುತ್ತಿದ್ದರೆ ಸಾಕು. 25ರಿಂದ 40 ಡಿಗ್ರಿ ಇದ್ದು ಮಗು ಇನ್ನೂ ಬೆಳೆಯುತ್ತಿದ್ದರೆ, ಮೈಗೆ ಬಿಗಿಯಾಗಿ ಕೂರುವ ಗಟ್ಟಿ ಪ್ಲಾಸ್ಟಿಕ್ ಬ್ರೇಸ್ ಕೊಡುತ್ತಾರೆ. 2013ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಬ್ರೇಸ್ ತೊಟ್ಟ 100ರಲ್ಲಿ 72 ಮಕ್ಕಳ ಬಾಗು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಯಿತು. ತೊಡದವರಲ್ಲಿ ಹೀಗಾದದ್ದು 48 ಮಕ್ಕಳಿಗೆ. ದಿನಕ್ಕೆ 13 ಗಂಟೆಗೂ ಜಾಸ್ತಿ ತೊಟ್ಟವರಲ್ಲಂತೂ 90 ದಾಟಿತ್ತು. ಹದಿಮೂರು ವರ್ಷದ ಹುಡುಗಿ ಅದನ್ನು ತೊಟ್ಟು ಮಲಗುತ್ತಾಳೆ, ತೊಟ್ಟೇ ತರಗತಿಯಲ್ಲಿ ಕೂರುತ್ತಾಳೆ. ಎಷ್ಟು ಕಷ್ಟಪಟ್ಟು ನೆಟ್ಟಗೆ ಕೂತಿದ್ದಾಳೆ ಅನ್ನುವುದು ಅವಳಿಗಷ್ಟೇ ಗೊತ್ತು.

ನಮಸ್ಕಾರ.